ತಮ್ಮವರಿಗೆ ಮಾತ್ರ ಹೇಳಿದ ಮಾತು

ನನಗೆ ಬ್ಯಾಂಕಿನ ಕೆಲಸ ಕಲಿಸಿದವರು ಹಳೆಯ ಪಾಳೇಗಾರರ ಮನೆತನದವರು. ಚನ್ನರಾಯನದುರ್ಗದಿಂದಾಚೆ, ಬೆಟ್ಟದ ಬುಡದ ಒಂದು ಹಳ್ಳಿ ಅವರದು. ಕೋಟೆ, ಪಟ್ಟ ಎಲ್ಲ ಹೋಗಿ ಎಷ್ಟೋ ತಲೆಮಾರುಗಳಾಗಿದ್ದರೂ ಸುತ್ತಿನ ಊರುಗಳಲ್ಲಿ ಅವರ ಮನೆಯನ್ನು ‘ಕೋಟೆ ಮನೆ’ ಎಂದೇ ಕರೆಯುತ್ತಿದ್ದರು. ಗೇಣಿದಾರರಿಗೆ ಜಮೀನು ಬಿಟ್ಟುಕೊಡಬೇಕಾಗಿ ಬಂದಾಗ ಅವರ ತಂದೆ ಉಳಿದ ಹೊಲದಲ್ಲಿ ಅರ್ಧ ಮಾರಿ, ನೆಂಟರಿಷ್ಟರಿಂದ ಷೇರು ಎತ್ತಿ, ಮಧುಗಿರಿಯಲ್ಲಿ ಒಂದು ಸಣ್ಣ ಸಹಕಾರಿ ಬ್ಯಾಂಕು ತೆರೆದಿದ್ದರು. ಹೆಸರಿಗೆ ಅದು ಸದಸ್ಯರೆಲ್ಲರ ಬ್ಯಾಂಕು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಆ ಮನೆಯವರನ್ನು ಬಿಟ್ಟು ಬೇರೆಯವರು ಕೂತದ್ದನ್ನು ನಾನು ನೋಡಲಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಮಗನ ಕಾಲ. ಅವರನ್ನು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ‘ಸರ್’ ಎಂದು ಕರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ನಮ್ಮದು ಹೊಳವನಹಳ್ಳಿಯ ಕೇರಿ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ನನ್ನ ಬಿ.ಕಾಂ. ಪ್ರಮಾಣಪತ್ರ. ನನ್ನ ತಾತ ಕೋಟೆ ಮನೆಯ ಮುಂದೆ ತಮಟೆ ಬಡಿದು, ಅಂಗಳದಾಚೆ ನಿಂತು ಮೊರದಲ್ಲಿ ರಾಗಿ ಇಸಿದುಕೊಂಡು ಬರುತ್ತಿದ್ದವನು. ಆ ಮನೆಯವರ ಬ್ಯಾಂಕಿನಲ್ಲಿ ಗುಮಾಸ್ತರ ಕೆಲಸ ಖಾಲಿ ಇದೆ ಎಂದು ಗೊತ್ತಾದಾಗ ಅಪ್ಪನಿಗೆ ಅರ್ಜಿ ಹಾಕಿಸಲು ಮನಸ್ಸಿರಲಿಲ್ಲ. ಅವ್ವನೇ ಹಠ ಹಿಡಿದಳು. ಸಂದರ್ಶನದ ದಿನ ಅಪ್ಪ ನನ್ನ ಜೊತೆ ಬಂದು ಬ್ಯಾಂಕಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತುಕೊಂಡರು. ಒಳಗಿನಿಂದ ಅದನ್ನು ಕಂಡ ಸರ್ ಎದ್ದು ಹೊರಗೆ ಬಂದರು.

“ಮೇಷ್ಟ್ರೇ, ಚಪ್ಪಲಿ ಹಾಕ್ಕೊಂಡೇ ಬನ್ನಿ. ಇದು ಬ್ಯಾಂಕು.”

ನಾನು ಗಾಬರಿಯಲ್ಲಿ “ನಮಸ್ಕಾರ ಬುದ್ಧಿ” ಎಂದುಬಿಟ್ಟೆ. ಅಜ್ಜಿ ಕೋಟೆ ಮನೆಯವರನ್ನು ಹಾಗೇ ಕರೆಯುತ್ತಿದ್ದುದು. ಅಪ್ಪನ ಮುಖ ಕಪ್ಪಿಟ್ಟಿತು. ಸರ್ ಮಾತ್ರ ನಗಲಿಲ್ಲ.

“ಬುದ್ಧಿ ಅನ್ನೋದು ಇವತ್ತಿಗೇ ಮುಗೀಲಮ್ಮ. ಸರ್ ಅಂದ್ರೆ ಸಾಕು. ನಾನೂ ಇಲ್ಲಿ ಸಂಬಳಕ್ಕೆ ಇರೋನೇ.”

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕೊರಟಗೆರೆ ದಾಟುವವರೆಗೂ ನನ್ನ ಪ್ರಮಾಣಪತ್ರಗಳ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ಆಮೇಲೆ, “ಮನ್ಸ ಒಳ್ಳೇನು ಇದ್ದಂಗವ್ನೆ. ನೋಡಾನ ಬುಡು” ಎಂದರು.

ಸರ್ ಮೈಸೂರಿನಲ್ಲಿ ಓದಿ, ಮುಂಬಯಿಯ ಒಂದು ದೊಡ್ಡ ಬ್ಯಾಂಕು ಸೇರಿ, ಅದರ ಲಂಡನ್ ಶಾಖೆಯಲ್ಲಿ ಕೆಲವು ವರ್ಷ ಇದ್ದು ಬಂದವರು. ತಂದೆ ತೀರಿಕೊಂಡ ಮೇಲೆ ಆ ಕೆಲಸ ಬಿಟ್ಟು ಮಧುಗಿರಿಗೆ ಬಂದದ್ದು. ಬಿರುಬಿಸಿಲಿನಲ್ಲೂ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹೊಸದಾಗಿ ಸೇರಿದವರನ್ನೆಲ್ಲ ಒಂದು ಮಧ್ಯಾಹ್ನ ತಮ್ಮ ಕೋಣೆಗೆ ಕರೆದು, ಟೀ ತರಿಸಿ, ಒಂದು ಕಥೆ ಹೇಳುತ್ತಿದ್ದರು. ಲಂಡನ್ನಿನಲ್ಲಿ ಅವರ ಶಾಖೆಯ ಹಿಂದಿನ ಬೀದಿಯಲ್ಲಿ ಒಂದು ಪ್ರಭು ಮನೆತನದವರ ಬ್ಯಾಂಕಿತ್ತಂತೆ. ಅದರ ಮುದಿ ಯಜಮಾನ ಸರ್‌ಗೆ ಪರಿಚಯ. ಅವನು ಹುಟ್ಟಿದ್ದು ಜಿಂಕೆಗಳು ಓಡಾಡುವ ಉದ್ಯಾನವಿದ್ದ ಅರಮನೆಯಂಥ ಮನೆಯಲ್ಲಿ. ಆದರೆ ಎರಡನೆಯ ಮಗ, ಆಸ್ತಿಯೆಲ್ಲ ಅಣ್ಣನಿಗೆ. ಹದಿನೆಂಟಕ್ಕೇ ಅವನನ್ನು ಬ್ಯಾಂಕಿಗೆ ಕಳಿಸಿ, ಮೂರು ವರ್ಷ ಬರೀ ಕಾಗದ ನಕಲು ಮಾಡುವ ಕೆಲಸಕ್ಕೆ ಕೂರಿಸಿದರಂತೆ. ಆಮೇಲೆ ಕೌಂಟರು, ಆಮೇಲೆ ಖಜಾನೆ, ಕೊನೆಗೆ ಯಜಮಾನಿಕೆ. ಒಂದು ಚಳಿಗಾಲ ಬ್ಯಾಂಕು ಮುಳುಗುವ ಹಾಗಾದಾಗ ಅವನು ಅಣ್ಣ ತೀರಿದ ಮೇಲೆ ತನ್ನ ಪಾಲಿಗೆ ಬಂದಿದ್ದ ಆ ಮನೆಯನ್ನೂ, ಗೋಡೆಯ ಮೇಲಿನ ಚಿತ್ರಗಳನ್ನೂ ಮಾರಿ, ತಾನೇ ಬಾಗಿಲಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ಅವರ ಹಣ ಕೊಟ್ಟು ಕಳಿಸಿದನಂತೆ. ಕಡೆಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದ. ಸರ್ ಅವನನ್ನು ನೋಡುವುದಕ್ಕೆ ಹೋಗುತ್ತಿದ್ದುದೂ ಅಲ್ಲಿಗೇ.

“ಮನೆತನ ಅಂದ್ರೆ ಅದು ಕಣಮ್ಮ. ನಮ್ಮಲ್ಲಿ ಕೋಟೆ ತೋರಿಸ್ತಾರೆ, ಕತ್ತಿ ತೋರಿಸ್ತಾರೆ. ಅವನ ಹತ್ರ ತೋರ್ಸೋಕೆ ಏನೂ ಇರಲಿಲ್ಲ” ಎನ್ನುತ್ತಿದ್ದರು.

ಅವರು ಕಲಿಸಿದ ಕೆಲಸ ಈಗಲೂ ನನ್ನ ಕೈಯಲ್ಲಿದೆ. ರುಜು ಹೋಲಿಸುವ ಮೊದಲು ಬರೆಯುವವರ ಕೈ ನೋಡು. ನಡುಗುತ್ತಿದ್ದರೆ ಯಾರು ಕರೆದುಕೊಂಡು ಬಂದರು ಎಂದು ಕೇಳು. ಹೆಬ್ಬೆಟ್ಟು ಒತ್ತುವವರ ಬೆರಳನ್ನು ನೀನು ಹಿಡಿದು ಒತ್ತಿಸಬೇಡ, ಅವರೇ ಒತ್ತಲಿ. ಒತ್ತಿದ ಮೇಲೆ ಒರೆಸಿಕೊಳ್ಳುವುದಕ್ಕೆ ಒದ್ದೆ ಬಟ್ಟೆ ಇಟ್ಟಿರು, ಸೀರೆಯ ಸೆರಗಿಗೆ ಒರೆಸಿಕೊಳ್ಳುವ ಹಾಗೆ ಮಾಡಬೇಡ. ಇಂಥವನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಸಹಕಾರ ಇಲಾಖೆಯ ಪರೀಕ್ಷೆಗೆ ನಾನು ಹೆದರಿದಾಗ ತಾವೇ ಫೀಸು ಕಟ್ಟಿ ಬರೆಸಿದರು. ಪಾಸಾದ ಮೇಲೆ ಶಿರಾ ಶಾಖೆಗೆ ಅಧಿಕಾರಿಯಾಗಿ ಕಳಿಸಿದರು. ಅಲ್ಲಿ ಹೂವಿನ ವ್ಯಾಪಾರದ ಸಾಹೇಬರೊಬ್ಬರು ನನ್ನನ್ನು “ಬೇಟಿ” ಎನ್ನುತ್ತಾ ಎರಡು ವರ್ಷ ಉರ್ದುವಿನಲ್ಲೇ ಮಾತಾಡಿಸಿ, ನನಗೂ ಅಷ್ಟಿಷ್ಟು ಕಲಿಸಿಬಿಟ್ಟರು. ‘ಕೋಟೆ ಮನೆಯವರು ಆ ಹುಡುಗೀನ ತಲೆ ಮೇಲೆ ಕೂರಿಸ್ಕೊಂಡವ್ರೆ’ ಎಂದು ಬ್ಯಾಂಕಿನಲ್ಲಿ ಕೆಲವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ನನಗೆ ಅದರಿಂದ ಬೇಸರವಾಗಲಿಲ್ಲ, ಹೆಮ್ಮೆಯೇ ಆಯಿತು.

ನನ್ನ ಮದುವೆ ಕೇರಿಯ ಸಮುದಾಯ ಭವನದಲ್ಲಿ ಆಯಿತು. ಸರ್ ಬರುತ್ತಾರೆ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಬಂದರು, ಮೊದಲ ಪಂಕ್ತಿಯಲ್ಲೇ ನಮ್ಮ ಮಾವಂದಿರ ಪಕ್ಕ ಕೂತು ಮುದ್ದೆ ಸಾರು ಉಂಡರು. ಎರಡನೆಯ ಸಲ ಸಾರು ಹಾಕಿಸಿಕೊಂಡದ್ದನ್ನು ಊರೆಲ್ಲ ನೋಡಿತು. ಅಪ್ಪ ಅವರ ಕೈಗೆ ನೀರು ಹಾಕುತ್ತಾ ಅತ್ತುಬಿಟ್ಟರು. ಸಂಜೆ ನನ್ನ ಹತ್ತಿರ ಬಂದು, “ನಮ್ಮಪ್ಪ ಇದ್ದಿದ್ರೆ ನಂಬ್ತಿರ್ನಿಲ್ಲ ಕಣವ್ವ. ಇನ್ನು ಆ ಮನ್ಸನ ಬಗ್ಗೆ ನಾನೇನೂ ಅನ್ನಕಿಲ್ಲ” ಎಂದರು. ಅಪ್ಪ ಆ ಮಾತು ಉಳಿಸಿಕೊಂಡರು. ಉಳಿಸಿಕೊಳ್ಳದೆ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಪಾವಗಡದ ಕಡೆ ಸೋಲಾರ್ ಪಾರ್ಕ್ ಬಂದಾಗ ಸರ್ ನನ್ನನ್ನು ಅಲ್ಲಿನ ಶಾಖೆಗೆ ವ್ಯವಸ್ಥಾಪಕಿಯಾಗಿ ಹಾಕಿದರು. ಅದಕ್ಕೆ ಕಾರಣವಿತ್ತು. ನನ್ನ ಅವ್ವನ ತವರು ತಿರುಮಣಿ. ಅವಳ ತಂಗಿ ಇನ್ನೂ ಅಲ್ಲೇ ಇದ್ದಾಳೆ. ಆ ಕಡೆ ಮನೆಮಾತು ತೆಲುಗು. ಅವಳನ್ನು ನಾನು ಚಿಕ್ಕಂದಿನಿಂದ ‘ಪಿನ್ನಮ್ಮ’ ಎಂದೇ ಕರೆಯುವುದು. ಜಮೀನು ಗುತ್ತಿಗೆ ಕೊಟ್ಟವರ ಕೈಗೆ ವರ್ಷಕ್ಕೊಮ್ಮೆ ಒಟ್ಟಿಗೆ ಹಣ ಬರುತ್ತಿತ್ತು. ಅದನ್ನು ಎಲ್ಲಿಡಬೇಕು ಎಂಬುದು ಅವರಿಗೆ ಹೊಸ ಚಿಂತೆ. ಪೇಟೆಯಿಂದ ಚೀಟಿಯವರು, ಬಡ್ಡಿಯವರು, ಸೈಟು ಮಾರುವವರು ದಿನವೂ ಬಂದು ಜಗಲಿಯಲ್ಲಿ ಕೂರುತ್ತಿದ್ದರು.

“ನಿನ್ನ ಮಾತು ಅವರು ನಂಬ್ತಾರೆ, ನನ್ನ ಮಾತು ನೀನು ನಂಬ್ತೀಯ. ಇದಕ್ಕಿಂತ ಇನ್ನೇನು ಬೇಕಮ್ಮ ಬ್ಯಾಂಕು ನಡೆಸೋಕೆ?” ಎಂದು ಸರ್ ನನ್ನನ್ನು ಕಳಿಸಿದರು.

ನಾನು ಮನೆಮನೆಗೆ ಹೋದೆ. ಅವ್ವನ ಹೆಸರು ಹೇಳಿ ಹೋದೆ. ಗಾಜಿನ ಹಲಗೆಗಳು ಕಣ್ಣಿಗೆ ಚುಚ್ಚುವ ಬಿಸಿಲಿನಲ್ಲಿ, ಮೊದಲು ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳ ಬೇಲಿಯ ಪಕ್ಕ ನಡೆದು ಹೋದೆ. ನಮ್ಮದು ದೊಡ್ಡ ಬ್ಯಾಂಕಲ್ಲ, ಆದರೆ ನಮ್ಮ ಯಜಮಾನರು ಎಂಥವರು ಗೊತ್ತಾ ಎಂದು ನನ್ನ ಮದುವೆಯ ಊಟದ ಕಥೆ ಹೇಳಿದೆ. ಅರಮನೆ ಮಾರಿ ಹಣ ಕೊಟ್ಟವನ ಕಥೆಯನ್ನೂ ತೆಲುಗಿನಲ್ಲಿ ಹೇಳಿದೆ. ಪಿನ್ನಮ್ಮ ಮೊದಲು ಹಾಕಿದಳು. ಅವಳ ಮೊಮ್ಮಗಳಿಗೆ ನರ್ಸಿಂಗ್ ಓದಿಸಬೇಕೆಂಬ ಆಸೆ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗು ಅದು. ಪಿನ್ನಮ್ಮನನ್ನು ನೋಡಿ ಓಣಿಯವರು ಹಾಕಿದರು. ಠೇವಣಿಯ ರಸೀತಿಗೆ ಅವರು ‘ಬಾಂಡು’ ಎನ್ನುತ್ತಿದ್ದರು. ಆ ಬಾಂಡುಗಳನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ.

ಸರ್‌ಗೆ ಅರವತ್ತು ತುಂಬಿದಾಗ ಬ್ಯಾಂಕಿನವರೆಲ್ಲ ಸೇರಿ ಒಂದು ಅಭಿನಂದನ ಗ್ರಂಥ ತಂದೆವು. ಅವರ ಜೀವನ, ಅವರ ವೃತ್ತಿ, ಮನೆತನದ ಇತಿಹಾಸ, ಮಂತ್ರಿಗಳ ಶುಭಾಶಯ, ಎಲ್ಲವೂ ಅದರಲ್ಲಿತ್ತು. ನಾನೂ ಒಂದು ಲೇಖನ ಬರೆದೆ. ಅಂಗಳದಾಚೆ ನಿಲ್ಲುತ್ತಿದ್ದವನ ಮೊಮ್ಮಗಳನ್ನು ಕುರ್ಚಿಯಲ್ಲಿ ಕೂರಿಸಿದವರು ಇವರು. ಇವರಿರುವವರೆಗೆ ಈ ಬ್ಯಾಂಕಿನಲ್ಲಿಟ್ಟ ಒಂದು ರೂಪಾಯಿಗೂ ಭಯವಿಲ್ಲ, ನಾನು ನನ್ನ ಮಗಳ ಹಣವನ್ನೂ ಇಲ್ಲೇ ಇಟ್ಟಿದ್ದೇನೆ ಎಂದು ಬರೆದೆ. ಸರ್ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ಒಂದು ಲೇಖನವನ್ನು ಬೇರೆಯಾಗಿ ಅಚ್ಚು ಹಾಕಿಸಿ ಬ್ಯಾಂಕಿದ್ದ ನಾಲ್ಕೂ ತಾಲ್ಲೂಕಿನ ಶಾಖೆಗಳ ಕೌಂಟರಿನ ಮೇಲೆ ಇಡಿಸಿದರು. ಅದು ನನಗೆ ಸಿಕ್ಕ ದೊಡ್ಡ ಮರ್ಯಾದೆ ಎಂದುಕೊಂಡೆ.

ಮರುವರ್ಷ ನನ್ನನ್ನು ಸಹಾಯಕ ವ್ಯವಸ್ಥಾಪಕಿಯಾಗಿ ಮಧುಗಿರಿಯ ಪ್ರಧಾನ ಕಚೇರಿಗೆ ಕರೆಸಿಕೊಂಡರು. ಶಿರಾ ಹೆದ್ದಾರಿಯ ಬದಿಯಲ್ಲಿ ಬಡಾವಣೆ ಮಾಡುತ್ತಿದ್ದ ಸರ್‌ನ ಬೀಗರಿಗೆ ಬ್ಯಾಂಕಿನಿಂದ ದೊಡ್ಡ ಸಾಲ ಹೋಗಿದೆ, ಅದು ವಾಪಸು ಬರುತ್ತಿಲ್ಲ ಎಂಬ ಮಾತು ಅಲ್ಲಲ್ಲಿ ಇತ್ತು. ಸಾಲದ ಕಡತಗಳು ನನ್ನ ಮೇಜಿಗೆ ಬರುತ್ತಿರಲಿಲ್ಲ. ಒಮ್ಮೆ ಕೇಳಿಯೂ ಬಿಟ್ಟೆ.

“ಬರುತ್ತೆ ಬಿಡು. ದೊಡ್ಡ ವ್ಯವಹಾರ, ಸ್ವಲ್ಪ ನಿಧಾನ” ಎಂದರು. ನಾನು ಅಲ್ಲಿಗೇ ಬಿಟ್ಟೆ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸರ್‌ನ ಅತ್ತಿಗೆ ಬ್ಯಾಂಕಿಗೆ ಬಂದರು. ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ ಅವರು. ಏನಿದ್ದರೂ ಕಾಗದ ಮನೆಗೇ ಹೋಗುತ್ತಿತ್ತು. ಕೈಚೀಲದಿಂದ ಮೂರು ಬಾಂಡು ತೆಗೆದು ನನ್ನ ಮುಂದಿಟ್ಟು, ಅವಧಿಗೆ ಮೊದಲೇ ಮುರಿಸಬೇಕು ಎಂದರು.

“ಬಡ್ಡಿ ಕಡಿಮೆಯಾಗುತ್ತೆ ಅಮ್ಮಾವ್ರೇ. ಇನ್ನು ನಾಲ್ಕು ತಿಂಗಳು ತಡೆದ್ರೆ...”

“ಇಲ್ಲ ಕಣಮ್ಮ, ಮದುವೆ ಖರ್ಚೈತೆ.”

“ಒಳ್ಳೇದಾಯ್ತು! ಯಾವಾಗ ಮದುವೆ?”

ಅವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. “ಇನ್ನೂ ಗೊತ್ತು ಮಾಡಿಲ್ಲ” ಎಂದರು.

ನಾನು ಪಾಸು ಮಾಡಿ ರುಜು ಹಾಕಿದೆ. ಎರಡು ದಿನ ಬಿಟ್ಟು ಅವರ ತಮ್ಮನೊಬ್ಬ ಬಂದ, ಮನೆ ಕಟ್ಟಿಸುವುದಕ್ಕೆ ಎಂದ. ಆಮೇಲೆ ಒಬ್ಬ ಸೋದರಳಿಯ, ಅವನ ಹೆಂಡತಿ, ತುಮಕೂರಿನಲ್ಲಿದ್ದ ಸರ್‌ನ ತಂಗಿ. ಹದಿನೈದು ದಿನದಲ್ಲಿ ಏಳೆಂಟು ಜನ. ಪ್ರತಿಯೊಬ್ಬರಿಗೂ ಒಂದೊಂದು ಒಳ್ಳೆಯ ಕಾರಣ. ನಾನು ಎಲ್ಲರಿಗೂ ಟೀ ತರಿಸಿಕೊಟ್ಟೆ. ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕೂತು ಜನರ ಮುಖ ಓದಿದವಳು ನಾನು. ಆ ಒಂದು ಮನೆಯವರ ಮುಖ ಮಾತ್ರ ಓದಲಿಲ್ಲ.

ಅದೇ ವಾರ ಪಿನ್ನಮ್ಮನ ಫೋನು ಬಂತು. ಈ ವರ್ಷದ ಗುತ್ತಿಗೆ ಹಣ ಬಂದಿದೆ, ಮೊಮ್ಮಗಳ ಕಾಲೇಜು ಶುರುವಾಗುವುದಕ್ಕೆ ಇನ್ನೂ ಎರಡು ತಿಂಗಳಿದೆ, ಅಲ್ಲಿಯವರೆಗೆ ನಿನ್ನ ಬ್ಯಾಂಕಿನಲ್ಲೇ ಹಾಕಲಾ ಎಂದು ಕೇಳಿದಳು. ಆಗ ಸರ್ ನನ್ನ ಮೇಜಿನ ಹತ್ತಿರವೇ ನಿಂತು ಯಾವುದೋ ಕಾಗದ ನೋಡುತ್ತಿದ್ದರು. ನಾನು ಫೋನಿಗೆ ಕೈ ಮುಚ್ಚಿ, “ಸರ್, ತಿರುಮಣಿಯ ನಮ್ಮ ಪಿನ್ನಮ್ಮ. ಹಣ ತರ್ಲಾ ಅಂತಿದ್ದಾಳೆ” ಎಂದೆ. ಅನುಮತಿಗಾಗಿ ಕೇಳಿದ್ದಲ್ಲ ಅದು. ಅವರಿಗೆ ಖುಷಿಯಾಗಲಿ ಎಂದು ಹೇಳಿದ್ದು.

ಅವರು ಕಾಗದದಿಂದ ತಲೆಯೆತ್ತಿದರು. ಕಿಟಕಿಯಾಚೆ ಬಸ್ ನಿಲ್ದಾಣದ ಕಡೆ ನೋಡಿದರು. ನಾನು ಫೋನು ಹಿಡಿದುಕೊಂಡೇ ಕಾದೆ.

“ಹಾಕ್ಸಮ್ಮ” ಎಂದರು.

ನಾನು ಪಿನ್ನಮ್ಮನಿಗೆ ಹಾಗೇ ಹೇಳಿದೆ.

ತಿಂಗಳು ತುಂಬುವುದರೊಳಗೆ ಒಂದು ಸೋಮವಾರ ಮುಂಬಯಿಯಿಂದ, ಎಲ್ಲ ಬ್ಯಾಂಕುಗಳ ಮೇಲೆ ನಿಗಾ ಇಡುವವರಿಂದ, ಆದೇಶ ಬಂತು. ಬ್ಯಾಂಕಿನ ವ್ಯವಹಾರ ನಿಲ್ಲಿಸಬೇಕು, ಯಾರಿಗೂ ಸಣ್ಣ ಮೊತ್ತಕ್ಕಿಂತ ಹೆಚ್ಚು ಹಣ ಕೊಡಕೂಡದು ಎಂದು. ಹತ್ತು ಗಂಟೆಗೆ ಶಟರ್ ಅರ್ಧ ಎತ್ತಿದಾಗ ಹೊರಗೆ ಜನ ತುಂಬಿದ್ದರು. ಸರ್ ಬಂದಿರಲಿಲ್ಲ, ಬೆಂಗಳೂರಿನಲ್ಲಿದ್ದಾರೆ ಎಂದರು. ನಾನು ಮೆಟ್ಟಿಲ ಮೇಲೆ ನಿಂತು ಕೈಮುಗಿದೆ. “ಗಾಬರಿಯಾಗಬೇಡಿ, ನಮ್ಮ ಯಜಮಾನರು ಯಾರಿಗೂ ಮೋಸ ಮಾಡೋರಲ್ಲ. ಅವರೂ ಕಷ್ಟದಲ್ಲಿದ್ದಾರೆ” ಎಂದೆ. ಗುಂಪಿನಲ್ಲಿ ಒಬ್ಬ ನಡುವಯಸ್ಸಿನವನು ನನ್ನ ಲೇಖನದ ಅಚ್ಚು ಹಾಳೆ ಕೈಯಲ್ಲಿ ಹಿಡಿದಿದ್ದ. ಅದನ್ನು ಗಟ್ಟಿಯಾಗಿ ಓದತೊಡಗಿದ. ‘ಒಂದು ರೂಪಾಯಿಗೂ ಭಯವಿಲ್ಲ’ ಎಂಬಲ್ಲಿಗೆ ಬಂದು ನಿಲ್ಲಿಸಿ, “ಇದು ನೀನೇ ಬರ್ದಿದ್ದಾ?” ಎಂದ.

“ಹೌದು.”

“ಮತ್ತೆ ಕೊಡು. ಹೆಂಗಾದ್ರೂ ಕೊಡು.”

ಯಾರೋ ನನ್ನ ಸೀರೆಯ ಮೇಲೆ ಶಾಯಿ ಎರಚಿದರು. ಆಗಲೂ ನಾನು ಸರ್ ಮೇಲೆ ಅನುಮಾನ ಪಡಲಿಲ್ಲ. ಮನೆಗೆ ಹೋಗಿ ಸೀರೆ ನೆನೆಹಾಕುತ್ತಾ, ಅವರಿಗೆ ಎಷ್ಟು ನೋವಾಗಿರಬೇಕು ಎಂದುಕೊಂಡು ಅತ್ತೆ.

ಮಾರನೆಯ ದಿನ ಬಸ್ಸು ಹತ್ತಿ ತಿರುಮಣಿಗೆ ಹೋದೆ. ಪಿನ್ನಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಓಣಿಯವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನೀ ಮಾಟ ಮೀದನೇ ಪೆಟ್ಟಿನಾ ಕದಮ್ಮಾ” ಎಂದಳು ಪಿನ್ನಮ್ಮ. ನಿನ್ನ ಮಾತಿನ ಮೇಲೆಯೇ ಇಟ್ಟೆನಲ್ಲಮ್ಮ ಎಂದು.

“ನಂದೂ ಹೋಗಿದೆ ಪಿನ್ನಮ್ಮ. ಮಗಳ ಹೆಸರಿನದೂ ಅಲ್ಲೇ ಇದೆ.”

ಅವಳು ಹುಣಸೆ ಕೆಳಗಿಟ್ಟು ನನ್ನ ಮುಖ ನೋಡಿದಳು. “ನೀಕ್ಕೂಡಾ ಚೆಪ್ಪಲೇದಾ?” ಎಂದಳು. ನಿನಗೂ ಹೇಳಲಿಲ್ಲವಾ?

ಯಾರಿಗೂ ಗೊತ್ತಿರಲಿಲ್ಲ, ಸರ್‌ಗೇ ಗೊತ್ತಿರಲಿಲ್ಲ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ.

ವಿಚಾರಣೆಗೆ ಬಂದ ಅಧಿಕಾರಿ ವಯಸ್ಸಾದವರು, ಮೆಲುದನಿಯವರು. ಸರ್ ಕೂರುತ್ತಿದ್ದ ಕೋಣೆಯಲ್ಲೇ ಕೂತು ನಮ್ಮನ್ನು ಒಬ್ಬೊಬ್ಬರಾಗಿ ಕರೆದರು. ನನ್ನ ಮುಂದೆ ಒಂದು ಪಟ್ಟಿ ಇಟ್ಟರು. ಬಾಂಡು ಮುರಿಸಿಕೊಂಡು ಹೋದವರ ಹೆಸರುಗಳು, ಅವುಗಳ ಎದುರಿಗೆ ಸಾಲಾಗಿ ನನ್ನ ರುಜು.

“ಇವರೆಲ್ಲ ಯಾರಮ್ಮ?”

ನಾನು ಒಂದೊಂದೇ ಹೇಳಿದೆ. ಅತ್ತಿಗೆ. ಅತ್ತಿಗೆಯ ತಮ್ಮ. ಸೋದರಳಿಯ. ತಂಗಿ. ಹೇಳುತ್ತಾ ಹೋದ ಹಾಗೆ ನನ್ನ ದನಿ ನನಗೇ ದೂರದಿಂದ ಕೇಳಿಸತೊಡಗಿತು. ಪಟ್ಟಿಯ ಕೊನೆಯಲ್ಲಿ ಸರ್‌ನ ಹೆಂಡತಿಯ ಹೆಸರಿತ್ತು. ಅವರದನ್ನು ಸರ್ ಬೇರೆ ಶಾಖೆಯಲ್ಲಿ ಮುರಿಸಿದ್ದರು. ಆ ಒಂದರ ಮುಂದೆ ಮಾತ್ರ ನನ್ನ ರುಜುವಿರಲಿಲ್ಲ. ತನಿಖೆಯ ಮೊದಲ ನೋಟಿಸು ಬ್ಯಾಂಕಿಗೆ ಬಂದದ್ದು ಅತ್ತಿಗೆ ಬರುವುದಕ್ಕೆ ಮೂರು ದಿನ ಮೊದಲು ಎಂದು ಅಧಿಕಾರಿ ದಿನಾಂಕ ತೋರಿಸಿದರು. ಅದನ್ನು ನೋಡಿದ್ದವರು ಸರ್ ಒಬ್ಬರೇ.

“ಇದರಲ್ಲಿ ನಿಮ್ಮ ಹೆಸರು ಯಾಕಿಲ್ಲ? ನೀವು ಅವರಿಗೆ ಬಹಳ ಹತ್ತಿರದವರು ಅಂತ ಎಲ್ಲರೂ ಹೇಳ್ತಾರೆ” ಎಂದು ಅಧಿಕಾರಿ ಕೇಳಿದರು. ಅವರು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ನಾನು ಪಟ್ಟಿಯನ್ನು ಮತ್ತೆ ಮೇಲಿನಿಂದ ಓದಿದೆ.

ಆಮೇಲೆ ಅವರು ಇನ್ನೊಂದು ಹಾಳೆ ತೋರಿಸಿದರು. ಸರ್ ಬರೆದುಕೊಟ್ಟ ಹೇಳಿಕೆ. ‘ಸದರಿ ಠೇವಣಿಗಳನ್ನು ಅವಧಿಪೂರ್ವ ಬಿಡುಗಡೆ ಮಾಡಿದವರು ಸಹಾಯಕ ವ್ಯವಸ್ಥಾಪಕರು. ಈ ವಿಷಯ ನನ್ನ ಗಮನಕ್ಕೆ ಬಂದಿರುವುದಿಲ್ಲ.’ ಕೆಳಗೆ ಅವರ ರುಜು, ನಾನು ಇಪ್ಪತ್ತು ವರ್ಷ ನೋಡಿದ ರುಜು. ಕೈ ನಡುಗಿದ ಗುರುತು ಅದರಲ್ಲಿರಲಿಲ್ಲ.

ನಾನು ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ಯಾರು ಯಾವ ದಿನ ಬಂದರು, ಏನು ಕಾರಣ ಕೊಟ್ಟರು, ಪಿನ್ನಮ್ಮನ ಫೋನು ಬಂದಾಗ ಸರ್ ಏನೆಂದರು. ಅವರು ಬರೆದುಕೊಂಡರು. ನಾನು ಓದಿ ರುಜು ಹಾಕಿದೆ. ಆ ಮನೆಯ ವಿರುದ್ಧ ನಮ್ಮ ವಂಶದಲ್ಲಿ ಮೊದಲ ಬಾರಿಗೆ ಯಾರೋ ಬರೆದುಕೊಟ್ಟದ್ದು ಇರಬೇಕು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ. ಹೊರಗೆ ಬಂದು ಕೈತೊಳೆಯುವ ತೊಟ್ಟಿಯಲ್ಲಿ ಬೆರಳಿಗೆ ಹತ್ತಿದ್ದ ಶಾಯಿ ತೊಳೆದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಕೋಟೆ ಮನೆಗೆ ಹೋದೆ. ಗಂಡ ಜೊತೆಗೆ ಬರುತ್ತೇನೆಂದರು, ನಾನೇ ಬೇಡವೆಂದೆ. ಅತ್ತಿಗೆ ಬಾಗಿಲು ತೆರೆದು ನನ್ನನ್ನು ಕಂಡು ಒಳಗೆ ಸರಿದುಬಿಟ್ಟರು. ಸರ್ ಜಗಲಿಗೆ ಬಂದರು. ಬಿಳಿ ಪಂಚೆ, ತೋಳಿಲ್ಲದ ಬನಿಯನ್ನು. ಅವರನ್ನು ಆ ವೇಷದಲ್ಲಿ ನಾನು ಕಂಡದ್ದು ಅದೇ ಮೊದಲು. ಮುದುಕರ ಹಾಗೆ ಕಂಡರು.

“ಕೂತ್ಕೋ” ಎಂದರು.

ನಿಂತೇ ಕೇಳಿದೆ. “ನನಗೆ ಯಾಕೆ ಹೇಳ್ಲಿಲ್ಲ ಸರ್?”

ಅವರು ಜಗಲಿಯ ಕಂಬಕ್ಕೆ ಒರಗಿ ಕೂತರು. “ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ?”

“ಇಲ್ಲ.”

“ತಿರುಮಣಿಯೋರಿಗೆ ಹೇಳ್ತಿದ್ದೆ. ಹೊಳವನಹಳ್ಳಿಗೆ ಹೇಳ್ತಿದ್ದೆ. ಸಂಜೆಯೊಳಗೆ ಬ್ಯಾಂಕು ಮುಚ್ಚಿಹೋಗ್ತಿತ್ತು. ನೀನು ಪ್ರಾಮಾಣಿಕಳು ಅಂತ ನನಗೆ ಗೊತ್ತು. ಅದಕ್ಕೇ ಹೇಳ್ಲಿಲ್ಲ.”

ಇದನ್ನು ಅವರು ಹೊಗಳಿಕೆಯ ಹಾಗೆ ಹೇಳಿದರು. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಹಾಗೆ ಬಲ್ಲದ್ದರಿಂದಲೇ ನನ್ನನ್ನು ಹೊರಗಿಟ್ಟಿದ್ದರು.

“ಪಿನ್ನಮ್ಮನ ಹಣ ಬೇಡ ಅನ್ನಬಹುದಿತ್ತಲ್ಲ. ನಿಮ್ಮ ಬಾಯಲ್ಲಿ ಒಂದು ಮಾತು. ನಾನು ಫೋನು ಹಿಡ್ಕೊಂಡು ನಿಂತಿದ್ದೆ.”

“ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ.”

“ನಾನೇ ಪಾಸು ಮಾಡಿದೆ, ನಿಮಗೆ ಗೊತ್ತೇ ಇಲ್ಲ ಅಂತ ಬರೆದುಕೊಟ್ರಲ್ಲ?”

“ಅದು ವಕೀಲರು ಬರೆದದ್ದು.”

“ರುಜು ನಿಮ್ಮದಲ್ವಾ?”

ಅವರು ತಲೆ ತಗ್ಗಿಸಿದರು. ಒಳಗೆ ಕುಕ್ಕರಿನ ಶಿಳ್ಳೆ ಕೇಳಿಸಿತು. ನನ್ನ ಸಿಟ್ಟೆಲ್ಲ ಒಟ್ಟಿಗೆ ಬಾಯಿಗೆ ಬಂತು. “ಲಂಡನ್ನಿನವನ ಕಥೆ ನಮಗೆ ಯಾಕೆ ಹೇಳ್ತಿದ್ರಿ ಸರ್? ನಾನು ಅದನ್ನ ಹಳ್ಳಿಹಳ್ಳಿಗೆ ಹೋಗಿ ಹೇಳಿದ್ದೀನಿ.”

“ಅದು ನಿಜವೇ” ಎಂದರು. “ಆದ್ರೆ ಪೂರ್ತಿ ಹೇಳಿರಲಿಲ್ಲ. ಅವನ ಮಕ್ಕಳು ಮೂವರು. ಮನೆ ಮಾರಿದ ಮೇಲೆ ಒಬ್ಬರೂ ಅವನ ಮುಖ ನೋಡ್ಲಿಲ್ಲ. ಅವನು ಸತ್ತಾಗ ಪೆಟ್ಟಿಗೆಗೆ ಹೆಗಲು ಕೊಟ್ಟೋರಲ್ಲಿ ನಾನೊಬ್ಬ, ಉಳಿದೋರು ಬ್ಯಾಂಕಿನ ಜವಾನರು. ಎಲ್ಲರೂ ನನ್ನ ಹಾಗೇ ಹೊರಗಿನೋರು. ಅವತ್ತೇ ನನಗೆ ಭಯ ಆಯ್ತು. ನನ್ನ ಕೈಲಿ ಇದು ಆಗೋದಿಲ್ಲ ಅಂತ ಅವತ್ತೇ ಗೊತ್ತಿತ್ತು ಕಣಮ್ಮ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತಾಯಿತು. ಆದರೆ ಆ ನಿಜ ಅವರ ಕುತ್ತಿಗೆಗೆ ಬಂದ ಮೇಲಷ್ಟೇ ನನ್ನ ಪಾಲಿಗೆ ಬಂದಿತ್ತು. ಬರುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿದೆ. ಅವರು ಹಿಂದಿನಿಂದ ಏನೋ ಕರೆದರು, ತಿರುಗಲಿಲ್ಲ.

ಅಲ್ಲಿಂದ ಹೊಳವನಹಳ್ಳಿಗೆ, ಅಪ್ಪನ ಹತ್ತಿರ ಹೋದೆ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, ತಾವೇ ಎದ್ದು ಹೋಗಿ ನನಗೆ ಟೀ ಮಾಡಿಕೊಂಡು ಬಂದರು. “ನಾನೂ ನಂಬಿದ್ನಲ್ಲವ್ವ” ಎಂದಷ್ಟೇ ಹೇಳಿದರು.

ಆಮೇಲಿನ ತಿಂಗಳುಗಳನ್ನು ನಾನು ಪಾವಗಡದ ಕಡೆ ಕಳೆದೆ. ಸಣ್ಣ ಠೇವಣಿಗಳಿಗೆ ವಿಮೆಯ ಹಣ ಬರುತ್ತದೆ, ಅದಕ್ಕೆ ಅರ್ಜಿ ತುಂಬಬೇಕು ಎಂದು ಸುತ್ತೋಲೆ ಬಂದಿತ್ತು. ಶನಿವಾರ, ಭಾನುವಾರ ತಿರುಮಣಿಯ ಶಾಲೆಯ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತು ಒಬ್ಬೊಬ್ಬರ ಅರ್ಜಿ ಬರೆದೆ. ಮೊದಲ ವಾರ ನಾಲ್ಕೇ ಜನ ಬಂದರು. ಮೂರನೆಯ ವಾರಕ್ಕೆ ಜಗಲಿ ಸಾಲದಾಯಿತು. ಒಬ್ಬ ಹೆಂಗಸು, “ಈ ಅರ್ಜಿನೂ ನೀನೇ ಬರ್ದ್ರೆ ಹೆಂಗೆ ನಂಬೋದು?” ಎಂದಳು. ಶಾಲೆಯ ಮೇಷ್ಟರಿಂದ ಓದಿಸಿಕೊಳ್ಳಿ, ಆಮೇಲೆ ಒತ್ತಿ ಎಂದೆ. ಅವಳು ಹಾಗೇ ಮಾಡಿದಳು. ಅವಳು ಮಾಡಿದ್ದು ಸರಿ.

ಸಣ್ಣ ಠೇವಣಿಯವರ ಹಣ ಕೊನೆಗೆ ಬಂತು. ಪಿನ್ನಮ್ಮನದೂ ಬಂತು, ಆದರೆ ಆ ವರ್ಷದ ಸೀಟು ಹೋಗಿತ್ತು. ಹುಡುಗಿ ಒಂದು ವರ್ಷ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತಳು. ಶಿರಾದ ಹೂವಿನ ಸಾಹೇಬರ ಠೇವಣಿ ವಿಮೆಯ ಮಿತಿಗಿಂತ ಹೆಚ್ಚಿತ್ತು. ಮಿಕ್ಕದ್ದು ಇನ್ನೂ ಬಂದಿಲ್ಲ. ನನ್ನ ಮೇಲೆ ತಪ್ಪಿಲ್ಲ ಎಂದು ವಿಚಾರಣೆಯ ವರದಿಯಲ್ಲಿ ಬರೆದರು. ‘ಎಚ್ಚರಿಕೆ ವಹಿಸಬೇಕಿತ್ತು’ ಎಂಬ ಒಂದು ಸಾಲೂ ಇತ್ತು. ಅದನ್ನು ನಾನು ಒಪ್ಪುತ್ತೇನೆ. ನಮ್ಮ ಬ್ಯಾಂಕನ್ನು ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ಸೇರಿಸಿದರು. ನನ್ನನ್ನು ಗುಮಾಸ್ತೆಯಾಗಿ ಉಳಿಸಿಕೊಂಡು ಕೊರಟಗೆರೆಗೆ ಹಾಕಿದ್ದಾರೆ. ಸರ್ ಮೇಲಿನ ಮೊಕದ್ದಮೆ ನಡೆಯುತ್ತಲೇ ಇದೆ. ಅವರ ಅತ್ತಿಗೆ ಹೇಳಿದ ಮದುವೆ ಮಾತ್ರ ನಡೆಯಲಿಲ್ಲ.

ಅವರನ್ನು ನಾನು ದ್ವೇಷಿಸಬೇಕು ಎಂದು ಗಂಡ ಹೇಳುತ್ತಾರೆ. ಒಂದೊಂದು ದಿನ ಅದು ಸಾಧ್ಯವಾಗುತ್ತದೆ. ಬಹಳಷ್ಟು ದಿನ ಕೌಂಟರಿನಲ್ಲಿ ಯಾರಾದರೂ ಮುದುಕಿಗೆ ಏನೋ ತಿಳಿಸಿ ಹೇಳುತ್ತಿರುವಾಗ, ನನ್ನ ಬಾಯಿಂದ ಬರುತ್ತಿರುವುದು ಅವರದೇ ಮಾತು, ಅವರದೇ ದನಿಯ ಏರಿಳಿತ ಎಂದು ಗೊತ್ತಾಗಿ ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ.

ಹೋದ ತಿಂಗಳು ತಿರುಮಣಿಗೆ ಹೋಗಿದ್ದೆ. ಪಿನ್ನಮ್ಮನ ಮೊಮ್ಮಗಳು ಈಗ ನರ್ಸಿಂಗ್ ಎರಡನೆಯ ವರ್ಷ. ಹೇಳದೆ ಹೋಗಿದ್ದೆ, ಬಾಗಿಲು ತೆರೆದೇ ಇತ್ತು. ಪಿನ್ನಮ್ಮ ಮಂಚದ ಮೇಲೆ ಕೂತು ಅಂಚೆ ಕಚೇರಿಯ ಪಾಸ್‌ಬುಕ್ಕು, ಅದರ ಜೊತೆಗೆ ನೋಟುಗಳಿದ್ದ ಒಂದು ಲಕೋಟೆ, ಎರಡನ್ನೂ ಬಿಚ್ಚಿಕೊಂಡು ನೋಡುತ್ತಿದ್ದಳು. ನನ್ನನ್ನು ಕಂಡವಳೇ “ರಾಮ್ಮಾ, ರಾ” ಎಂದು ಪ್ರೀತಿಯಿಂದ ಕರೆದಳು. ಕರೆಯುತ್ತಲೇ ಎರಡನ್ನೂ ದಿಂಬಿನ ಕೆಳಗೆ ಸರಿಸಿದಳು. ನಾನು ನೋಡದವಳ ಹಾಗೆ ಚಪ್ಪಲಿ ಬಿಡುತ್ತಾ ಬಗ್ಗಿ, ಮೊಮ್ಮಗಳ ಪರೀಕ್ಷೆ ಯಾವಾಗ ಎಂದು ಕೇಳಿದೆ.